ಖ್ಯಾತನಾಮರ ಮನೆಯ ಮರಗೆಲಸ

ಜಯನಗರ, ಜೆ.ಪಿ. ನಗರದ ಖ್ಯಾತನಾಮರ ಮನೆಗಳಲ್ಲಿ ಮರಗೆಲಸ ಹಿಡಿಯುವ ಬಡಗಿಯನ್ನು ಹೈರಾಣಾಗಿಸುವುದು ಕೆಲಸದ ಕಷ್ಟವಲ್ಲ, ದಿನಕ್ಕೊಂದು ಬಗೆಯಾಗುವ ಮಾಲೀಕರ ಮನಸ್ಸು. ವೆನೀರ್, ಅಂದರೆ ಪ್ಲೈವುಡ್ಡಿನ ಮೇಲೆ ಅಂಟಿಸುವ ತೆಳುವಾದ ಮರದ ಹಾಳೆ, ಒಮ್ಮೆ ಅಂಟಿತೆಂದರೆ ಕಿತ್ತು ಮರುಬಳಸಲು ಬರುವುದಿಲ್ಲವಾದ್ದರಿಂದ, ಪಾಲಿಶ್ ಮುಗಿದ ಮೇಲೆ ಬಣ್ಣ ಹಿಡಿಸಲಿಲ್ಲವೆಂದು ಆಪ್ತ ಸಹಾಯಕರು ಫೋನಿನಲ್ಲಿ ಹೇಳುವ ಒಂದು ಮಾತಿಗೆ ಹಾಳೆಯ ಬೆಲೆಯೂ ಆಳುಗಳ ಕೂಲಿಯೂ ಬಡಗಿಯ ತಲೆಗೇ ಬರುತ್ತವೆ. ಇದು ಅನ್ಯಾಯವೇ ಸರಿ. ದೊಡ್ಡ ಹೆಸರಿಗೆ ಅಳುಕಿ ಬಾಯಿಮಾತಿನಲ್ಲೇ ಒಪ್ಪಿಕೊಳ್ಳುವ ಬದಲು, ಮಾದರಿ ತುಂಡಿನ ಹಿಂಬದಿಯಲ್ಲಿ ಮಾಲೀಕರ ಸಹಿ ಪಡೆದು, ಪ್ರತಿ ಬದಲಾವಣೆಯ ದರವನ್ನು ವಾಟ್ಸಾಪಿನಲ್ಲಿ ಕಳುಹಿಸಿ, ಒಪ್ಪಿಗೆ ಬಂದ ಮೇಲೆಯೇ ಉಳಿ ಹಿಡಿಯುವುದು ಲೇಸು. 1872ರ ಭಾರತೀಯ ಕರಾರು ಕಾಯ್ದೆಯ 70ನೇ ಕಲಮಿನ ಪ್ರಕಾರ, ಪುಕ್ಕಟೆಯ ಉದ್ದೇಶವಿಲ್ಲದೆ ಕಾನೂನುಬದ್ಧವಾಗಿ ಮಾಡಿಕೊಟ್ಟ ಕೆಲಸದ ಪ್ರಯೋಜನ ಪಡೆದವರು ಪ್ರತಿಫಲ ಕೊಡಲೇಬೇಕು. ಬಾಕಿಗಾಗಿ ದಾವೆ ಹೂಡಲು ಇರುವ ಕಾಲಮಿತಿ ಸಾಮಾನ್ಯವಾಗಿ 3 ವರ್ಷ.