ಗುಜರಿ ಲೋಹದಲ್ಲಿ ಒಡವೆ

ಗೇಟು, ಗ್ರಿಲ್ಲು ಬೆಸೆದ ಕೈಗೆ ಒಡವೆ ಒಲಿಯುತ್ತದೆಯೇ ಎಂದು ಕೇಳಿದ್ದೀರಿ. ಖಂಡಿತ ಒಲಿಯುತ್ತದೆ. ಆದರೆ ರಾಡ್ ಹಿಡಿದು ಮಾಡುವ ಆರ್ಕ್ ವೆಲ್ಡಿಂಗ್ ಇಲ್ಲಿ ನಡೆಯದು. ತೆಳು ತಂತಿ ಆ ಶಾಖಕ್ಕೆ ಕರಗಿಯೇ ಹೋಗುತ್ತದೆ. ಟಿಗ್ ಯಂತ್ರ ಸಿಕ್ಕರೆ ಕಡಿಮೆ ಕರೆಂಟಿನಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಬೆಸೆಯಿರಿ. ತಾಮ್ರ, ಹಿತ್ತಾಳೆಗೆ ಅಕ್ಕಸಾಲಿಗರ ದಾರಿಯೇ ಸರಿ: ಬಿಳಿಗಾರ ಹಚ್ಚಿ, ಸಣ್ಣ ಗ್ಯಾಸ್ ಉರಿಯಲ್ಲಿ ಬೆಳ್ಳಿ ಬೆಸುಗೆ.

ಗುಜರಿ ರಾಶಿಯಲ್ಲಿ ಮಾತ್ರ ಹುಷಾರು. ಸತು ಲೇಪಿಸಿದ ಜಿಐ ಶೀಟು, ಬಣ್ಣ ಬಳಿದ ತುಂಡು, ಕ್ರೋಮ್ ಅಥವಾ ಕ್ಯಾಡ್ಮಿಯಂ ಲೇಪದ ಬೋಲ್ಟು, ಇವನ್ನು ಕಾಯಿಸಲೇಬೇಡಿ. ಸತುವಿನ ಹೊಗೆ ಕುಡಿದರೆ ಕೆಲವು ಗಂಟೆಗಳಲ್ಲಿ ಚಳಿಜ್ವರ ಬರುತ್ತದೆ. ಕ್ಯಾಡ್ಮಿಯಂ ಹೊಗೆ ಜೀವವನ್ನೇ ತೆಗೆಯಬಲ್ಲದು. ಹಾಲು ಕುಡಿದರೆ ಸರಿಹೋಗುತ್ತದೆ ಎಂಬ ಶೆಡ್ಡಿನ ಮಾತನ್ನು ನಂಬಬೇಡಿ. ಲೇಪ ಯಾವುದೆಂದು ತಿಳಿಯದ ತುಂಡನ್ನು ಅಂಗಡಿಯಲ್ಲೇ ಬಿಟ್ಟುಬನ್ನಿ.

ಹಳೇ ಸೈಕಲ್ ಚೈನಿನ ಕೊಂಡಿ, ಗಡಿಯಾರದ ಹಲ್ಲುಚಕ್ರ ಚೆನ್ನಾಗಿ ಒಪ್ಪುತ್ತವೆ. ಕಬ್ಬಿಣದ ಭಾಗಕ್ಕೆ ಜಿಡ್ಡು ತೆಗೆದು, ಉಜ್ಜಿ, ಮೇಣ ಸವರಿ. ಬೆವರಿಗೆ ತುಕ್ಕು ಬೇಗ. ಕಿವಿಗೆ ತೂರುವ ಕಡ್ಡಿಯನ್ನು ಮಾತ್ರ ಗುಜರಿಯಿಂದ ಮಾಡಬೇಡಿ. ಅದರಲ್ಲಿ ನಿಕಲ್ ಇರಬಹುದು, ನಿಕಲ್ ಅನೇಕರ ಚರ್ಮಕ್ಕೆ ಆಗಿಬರುವುದಿಲ್ಲ. ಟೈಟಾನಿಯಂ ಕೊಕ್ಕೆ ಕೊಂಡು ಹಾಕಿ.

ಇನ್ನು, ಎಲ್ಲವನ್ನೂ ಬೆಸೆಯಲೇಬೇಕೆಂಬ ಹಟ ಬೇಡ (ವೆಲ್ಡರ್‌ಗಳಿಗೆ ಅದು ಇದ್ದೇ ಇರುತ್ತದೆ!). ಅಮೆರಿಕದ ಶಿಲ್ಪಿ ಅಲೆಕ್ಸಾಂಡರ್ ಕಾಲ್ಡರ್ ತನ್ನ ಜೀವಮಾನದಲ್ಲಿ ಸುಮಾರು 1,800 ಒಡವೆ ಮಾಡಿದ. ಹೆಚ್ಚಿನವು ಹಿತ್ತಾಳೆ ತಂತಿಯನ್ನು ಬಡಿದು, ಸುರುಳಿ ಸುತ್ತಿ, ರಿವೆಟ್ ಹೊಡೆದು ಮಾಡಿದವು, ಬೆಸುಗೆ ಅಪರೂಪ. ನೀವೂ ಮೊದಲು ಒಂದು ಪದಕ ಮಾಡಿ ನೋಡಿ. ಓಲೆ, ಉಂಗುರ ಆಮೇಲೆ.