ಲೋಡರ್ ಹಾಕಿದ ಸಣ್ಣ ಟ್ರ್ಯಾಕ್ಟರಿಗೆ ಹಿಂದಿನ ತೂಕ ಎಷ್ಟು ಬೇಕು?

ಕಳೆದ ಮಳೆಗಾಲ ಶುರುವಾಗುವ ಹೊತ್ತಿಗೆ ನಾನು ಎರಡು ದಿನ ತೂಕದ ಕಲ್ಲಾಗಿ ಕೆಲಸ ಮಾಡಿದೆ. ತಮಾಷೆಗೆ ಹೇಳುತ್ತಿಲ್ಲ. ಹಳಿಯಾಳದಿಂದ ಜೋಯಿಡಾ ಕಡೆಗೆ ಹೋಗುವಾಗ ನನ್ನ ಮಾಮುವಿನ ಹೊಲ ಇದೆ. ಹೊಲಕ್ಕೆ ಹೋಗುವ ದಾರಿ ಇಳಿಜಾರು. ಮಳೆಗೆ ಕೊಚ್ಚಿಹೋಗಿದ್ದ ಆ ದಾರಿಗೆ ಗರಸು ಹಾಕಲು ಮಾಮು ತಮ್ಮ ಸಣ್ಣ ಟ್ರ್ಯಾಕ್ಟರಿನ ಮುಂದೆ ಲೋಡರ್ ಜೋಡಿಸಿದ್ದರು. ಒದ್ದೆ ಗರಸು ತುಂಬಿದ ಬಕೆಟ್ ಎತ್ತಿದ ಕೂಡಲೇ ಹಿಂದಿನ ಒಂದು ಗಾಲಿ ನೆಲ ಬಿಟ್ಟು ಮೇಲೆದ್ದಿತು. ಮಾಮು ಬಕೆಟ್ ಇಳಿಸಿ ನನ್ನ ಕಡೆ ನೋಡಿ, “ಬೇಟಾ, ಹಿಂದೆ ಹತ್ತಿ ನಿಂತುಕೋ” ಎಂದರು. ನಾನು ಹಿಂದಿನ ಲಿಂಕೇಜ್ ಮೇಲೆ ಕಾಲಿಟ್ಟು ಮಡ್‌ಗಾರ್ಡ್ ಹಿಡಿದು ನಿಂತೆ. ನನ್ನ ತೂಕ 52 ಕೆಜಿ.

ಎರಡನೇ ದಿನ ಸಂಜೆ ಇಳಿಜಾರಿನಲ್ಲಿ ಗಾಲಿ ಮತ್ತೆ ಎದ್ದಿತು. ನನ್ನ ಕಾಲು ಜಾರಿತು, ಆದರೆ ಮಡ್‌ಗಾರ್ಡ್ ಕೈಬಿಡಲಿಲ್ಲ. ಕೈಬಿಟ್ಟಿದ್ದರೆ ಬೀಳುತ್ತಿದ್ದದ್ದು ಹಿಂದಿನ ಗಾಲಿಯ ಪಕ್ಕದಲ್ಲೇ. ಮನೆಯಲ್ಲಿ ಅಮ್ಮಿಗೆ ಇದನ್ನು ಇನ್ನೂ ಹೇಳಿಲ್ಲ. ಈ ಲೇಖನ ಓದಿದರೆ ಗೊತ್ತಾಗುತ್ತದೆ.

ನಾನು ಕಾಮರ್ಸ್ ವಿದ್ಯಾರ್ಥಿ. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಭೌತಶಾಸ್ತ್ರದ ಪುಸ್ತಕ ಮುಟ್ಟಿದವನಲ್ಲ. ಆದರೂ ಒಂದು ಪ್ರಶ್ನೆ ತಲೆಯಿಂದ ಹೋಗಲಿಲ್ಲ. 52 ಕೆಜಿ ಹುಡುಗ ಹಿಂದೆ ನಿಂತರೆ ಟ್ರ್ಯಾಕ್ಟರಿಗೆ ನಿಜವಾಗಿ ಎಷ್ಟು ಸಹಾಯವಾಗುತ್ತದೆ? ಸೈನ್ಸ್ ವಿಭಾಗದ ಗೆಳೆಯನೊಬ್ಬನನ್ನು ಲೈಬ್ರರಿಯಲ್ಲಿ ಕೂರಿಸಿಕೊಂಡು ಈ ಲೆಕ್ಕ ಮಾಡಿದೆ. ಇದಕ್ಕೆ ಕೂಡಿಸುವುದು, ಗುಣಿಸುವುದು, ಭಾಗಿಸುವುದು ಬಂದರೆ ಸಾಕು.

ತಕ್ಕಡಿ ಎಲ್ಲರಿಗೂ ಗೊತ್ತು. ಒಂದು ಕಡೆಯ ದಂಡ ಉದ್ದವಾದರೆ ಆ ಕಡೆಯ ಸಣ್ಣ ತೂಕವೂ ಈ ಕಡೆಯ ದೊಡ್ಡ ತೂಕವನ್ನು ಎತ್ತುತ್ತದೆ. ಲೋಡರ್ ಹಾಕಿದ ಟ್ರ್ಯಾಕ್ಟರ್ ಕೂಡ ಒಂದು ತಕ್ಕಡಿ. ಅದರ ನಡುವಿನ ಮುಳ್ಳು ಇರುವುದು ಮುಂದಿನ ಗಾಲಿಯ ಅಚ್ಚಿನ ಮೇಲೆ. ಅಚ್ಚಿನ ಮುಂದೆ ಬಕೆಟ್, ಹಿಂದೆ ಟ್ರ್ಯಾಕ್ಟರಿನ ಮೈ. ಪ್ರತಿಯೊಂದು ತೂಕವನ್ನೂ ಮುಂದಿನ ಅಚ್ಚಿನಿಂದ ಅದಕ್ಕಿರುವ ದೂರದಿಂದ ಗುಣಿಸಬೇಕು. ಸೈನ್ಸ್‌ನವರು ಇದನ್ನು ಮೊಮೆಂಟ್ ಎನ್ನುತ್ತಾರೆ.

ಲೆಕ್ಕ ಸುಲಭವಾಗಲೆಂದು ಅಂಕಿಗಳನ್ನು ದುಂಡಾಗಿ ತೆಗೆದುಕೊಂಡಿದ್ದೇನೆ. ಟ್ರ್ಯಾಕ್ಟರಿನ ತೂಕ 900 ಕೆಜಿ ಎಂದುಕೊಳ್ಳಿ. ಅದರಲ್ಲಿ 360 ಕೆಜಿ ಮುಂದಿನ ಗಾಲಿಗಳ ಮೇಲೆ, 540 ಕೆಜಿ ಹಿಂದಿನ ಗಾಲಿಗಳ ಮೇಲೆ. ಎರಡು ಅಚ್ಚುಗಳ ನಡುವೆ 1.5 ಮೀಟರ್. ಲೋಡರಿನ ಚೌಕಟ್ಟು 200 ಕೆಜಿ, ಅದರ ತೂಕದ ನಡು ಮುಂದಿನ ಅಚ್ಚಿನಿಂದ 0.4 ಮೀಟರ್ ಮುಂದೆ. ಬಕೆಟ್‌ನಲ್ಲಿ 300 ಕೆಜಿ ಗರಸು, 1.2 ಮೀಟರ್ ಮುಂದೆ.

ಟ್ರ್ಯಾಕ್ಟರ್ ಹಿಂದಕ್ಕೆ ಒತ್ತುವುದು 540 × 1.5 = 810. ಮುಂದಕ್ಕೆ ಎಳೆಯುವುದು ಲೋಡರಿನ 80 ಮತ್ತು ಗರಸಿನ 360, ಒಟ್ಟು 440. ಉಳಿದದ್ದು 370. ಇದನ್ನು 1.5ರಿಂದ ಭಾಗಿಸಿದರೆ ಹಿಂದಿನ ಗಾಲಿಗಳ ಮೇಲೆ ಉಳಿಯುವ ತೂಕ ಸಿಗುತ್ತದೆ, ಸುಮಾರು 247 ಕೆಜಿ. ಒಟ್ಟು 1,400 ಕೆಜಿಯಲ್ಲಿ ಇದು ಶೇ. 18 ಮಾತ್ರ. ಉಳಿದ 1,153 ಕೆಜಿ ಮುಂದಿನ ಎರಡು ಸಣ್ಣ ಗಾಲಿಗಳ ಮೇಲೆ. ಲೋಡರ್ ಹಾಕುವ ಮೊದಲು ಅವು ಹೊರುತ್ತಿದ್ದದ್ದು 360. ಇದು ಸಮತಟ್ಟಾದ ನೆಲದ ಲೆಕ್ಕ. ಬಕೆಟ್ ಕೆಳಮುಖವಾಗಿ ಇಳಿಜಾರಿನಲ್ಲಿ ಇಳಿಯುವಾಗ ತೂಕ ಇನ್ನೂ ಮುಂದಕ್ಕೆ ಹೋಗುತ್ತದೆ.

ಈಗ ನನ್ನ ಪಾಲು. ನಾನು ನಿಂತದ್ದು ಹಿಂದಿನ ಅಚ್ಚಿನಿಂದ ಅರ್ಧ ಮೀಟರ್ ಹಿಂದೆ, ಎಂದರೆ ಮುಂದಿನ ಅಚ್ಚಿನಿಂದ 2 ಮೀಟರ್. 52 × 2 = 104, ಅದನ್ನು 1.5ರಿಂದ ಭಾಗಿಸಿದರೆ 69 ಕೆಜಿ. ಜೀವ ಕೈಯಲ್ಲಿ ಹಿಡಿದು ನಿಂತದ್ದಕ್ಕೆ ಸಿಕ್ಕ ಲಾಭ ಅಷ್ಟೇ.

ಅದೇ ಜಾಗದಲ್ಲಿ ಲಿಂಕೇಜಿಗೆ 300 ಕೆಜಿಯ ಒಂದು ಪೆಟ್ಟಿಗೆ ತೂಗುಹಾಕಿದರೆ? ಅದರ ನಡು ಹಿಂದಿನ ಅಚ್ಚಿನಿಂದ 1 ಮೀಟರ್ ಹಿಂದೆ ಇದೆ ಎನ್ನೋಣ. 300 × 2.5 = 750. ಭಾಗಿಸಿದರೆ 500. ಹಿಂದಿನ ಗಾಲಿಗಳ ಮೇಲೆ ಈಗ 747 ಕೆಜಿ, ಒಟ್ಟು ತೂಕದ ಶೇ. 44. ಮುಂದಿನ ಗಾಲಿಗಳ ಮೇಲೆ 953.

ಇಲ್ಲಿ ನನಗೆ ಅಕೌಂಟೆನ್ಸಿ ನೆನಪಾಯಿತು. ಹಾಕಿದ್ದು 300, ಹಿಂದೆ ಜಮಾ ಆದದ್ದು 500. ಹೆಚ್ಚಿನ 200 ಎಲ್ಲಿಂದ ಬಂತು? ಮುಂದಿನ ಗಾಲಿಗಳ ಖಾತೆಯಿಂದ. 1,153ರಲ್ಲಿ 953 ಕಳೆದರೆ ಸರಿಯಾಗಿ 200. ಎರಡೂ ಕಡೆ ತಾಳೆಯಾಗುತ್ತದೆ. ತೂಕವನ್ನು ಹಿಂದಿನ ಅಚ್ಚಿನಿಂದ ಆಚೆ ಕಟ್ಟಿದರೆ ಮಾತ್ರ ಈ ಲಾಭ. ಅದೇ ಲಾಭ ಹುಡುಗರಿಂದಲೇ ಬೇಕೆಂದರೆ ನನ್ನಂಥ ಏಳು ಜನ ಹಿಂದೆ ನೇತಾಡಬೇಕು!

ನಮ್ಮ ಕಡೆ ಈ ವಿಷಯದಲ್ಲಿ ಗೊಂದಲ ಯಾಕೆ ಎನ್ನುವುದಕ್ಕೂ ಕಾರಣವಿದೆ. ಹಳಿಯಾಳ ಕಬ್ಬಿನ ತಾಲ್ಲೂಕು. ಕಬ್ಬಿನ ಹಂಗಾಮಿನಲ್ಲಿ ಸಕ್ಕರೆ ಕಾರ್ಖಾನೆಯ ದಾರಿಯಲ್ಲಿ ನಿಂತರೆ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳ ಸಾಲು ಕಾಣುತ್ತದೆ. ಭಾರ ಹಿಂದಿನಿಂದ ಎಳೆಯುವುದರಿಂದ ಅವುಗಳ ಮೂತಿ ಮೇಲೇಳುತ್ತದೆ. ಅದಕ್ಕಾಗಿ ಚಾಲಕರು ಮುಂದಿನ ಬಂಪರಿಗೆ ಕಬ್ಬಿಣದ ತೂಕ ಹಾಕುತ್ತಾರೆ. ಅದನ್ನು ನೋಡಿ ಬೆಳೆದ ನಮಗೆ ತೂಕ ಎಂದರೆ ಮುಂದೆಯೇ ಎಂದು ತಲೆಯಲ್ಲಿ ಕೂತಿದೆ. ಲೋಡರ್ ಕೆಲಸ ಇದಕ್ಕೆ ಪೂರ್ತಿ ಉಲ್ಟಾ. ಬಂಪರಿನ ತೂಕ ಬಿಚ್ಚದೆ ಲೋಡರ್ ಹಾಕಿದರೆ ಹಿಂದಿನ ಗಾಲಿ ಮತ್ತಷ್ಟು ಹಗುರಾಗುತ್ತದೆ. ಮಾಮುವಿನ ಟ್ರ್ಯಾಕ್ಟರಿನಲ್ಲಿ ಆಗಿದ್ದೂ ಇದೇ.

ಹಿಂದಿನ ಗಾಲಿ ಹಗುರಾದರೆ ಏನಾಗುತ್ತದೆ? ಮೂತಿ ಮುಗ್ಗರಿಸುವುದಷ್ಟೇ ಅಪಾಯ ಎಂದು ನಾನೂ ತಿಳಿದಿದ್ದೆ. ಮುಗ್ಗರಿಸಿದರೆ ಬಕೆಟ್ ನೆಲಕ್ಕೆ ತಾಗಿ ನಿಲ್ಲುತ್ತದೆ. ಅದಕ್ಕಿಂತ ಕೆಟ್ಟ ಸಂಗತಿಗಳು ಬೇರೆ ಇವೆ. ಸಾಮಾನ್ಯವಾಗಿ ಟ್ರ್ಯಾಕ್ಟರಿನ ಬ್ರೇಕ್ ಇರುವುದು ಹಿಂದಿನ ಗಾಲಿಗಳಿಗೆ ಮಾತ್ರ. ನೆಲವನ್ನು ಗಟ್ಟಿಯಾಗಿ ಒತ್ತದ ಗಾಲಿಗೆ ಬ್ರೇಕ್ ಹಾಕಿದರೆ ಗಾಲಿ ನಿಲ್ಲುತ್ತದೆ, ಟ್ರ್ಯಾಕ್ಟರ್ ಜಾರುತ್ತಲೇ ಹೋಗುತ್ತದೆ. ಜೋಯಿಡಾದ ಘಟ್ಟದ ಇಳಿಜಾರು, ಮೇಲೆ ಮಳೆ, ಕೆಳಗೆ ಕೆಂಪು ಕೆಸರು ಇದ್ದಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಫೋರ್ ವೀಲ್ ಡ್ರೈವ್ ಇರುವ ಟ್ರ್ಯಾಕ್ಟರಿನಲ್ಲಿ ಅದನ್ನು ಹಾಕಿಕೊಂಡೇ ಇಳಿಯಬೇಕು. ಆಗ ಮುಂದಿನ ಗಾಲಿಗಳೂ ತಡೆಯುತ್ತವೆ.

ಇನ್ನೊಂದು ಸಂಗತಿ ನನಗೆ ಅರ್ಥವಾಗಲು ಸಮಯ ಹಿಡಿಯಿತು. ಟ್ರ್ಯಾಕ್ಟರಿಗೆ ನಾಲ್ಕು ಗಾಲಿ ಇದ್ದರೂ ಅದು ನಿಲ್ಲುವುದು ಮೂರು ಕಾಲಿನ ಮೇಲೆ. ಮುಂದಿನ ಅಚ್ಚು ನಡುವಿನ ಒಂದು ಪಿನ್ ಮೇಲೆ ಆ ಕಡೆ ಈ ಕಡೆ ತೂಗುತ್ತದೆ. ಉಬ್ಬುತಗ್ಗಿನ ಹೊಲದಲ್ಲಿ ಎಲ್ಲ ಗಾಲಿಗಳೂ ನೆಲ ಮುಟ್ಟಲಿ ಎಂದು ಹಾಗೆ ಮಾಡಿರುತ್ತಾರೆ. ಆದ್ದರಿಂದ ಟ್ರ್ಯಾಕ್ಟರಿನ ನಿಜವಾದ ಆಧಾರ ಎರಡು ಹಿಂದಿನ ಗಾಲಿ ಮತ್ತು ಆ ಪಿನ್, ಒಂದು ತ್ರಿಕೋನ. ನಮ್ಮ ಮನೆಮಾತಿನಲ್ಲಿ ಮೂರು ಕಾಲಿನ ಮಣೆಗೆ ತಿಪಾಯಿ ಎನ್ನುತ್ತೇವೆ. ಕನ್ನಡದ ಟೀಪಾಯಿಯೂ ಅದರ ನೆಂಟನೇ, ಚಹಾಕ್ಕೂ ಅದಕ್ಕೂ ಸಂಬಂಧವಿಲ್ಲ! ಈ ತ್ರಿಕೋನ ಹಿಂದೆ ಅಗಲ, ಮುಂದೆ ಚೂಪು. ಬಕೆಟ್ ತುಂಬಿದಂತೆ ಒಟ್ಟು ತೂಕದ ನಡು ಚೂಪಾದ ತುದಿಯ ಕಡೆ ಸರಿಯುತ್ತದೆ. ಅಲ್ಲಿ ಪಕ್ಕಕ್ಕೆ ಜಾಗವೇ ಇಲ್ಲ. ಒಂದು ಗಾಲಿ ಸಣ್ಣ ಗುಂಡಿಗೆ ಇಳಿದರೂ ಟ್ರ್ಯಾಕ್ಟರ್ ಪಕ್ಕಕ್ಕೆ ಉರುಳಬಹುದು. ಬಕೆಟ್ ಮೇಲೆತ್ತಿಕೊಂಡಿದ್ದರೆ ಇನ್ನೂ ಬೇಗ. ಹಿಂದಿನ ಪೆಟ್ಟಿಗೆ ತೂಕದ ನಡುವನ್ನು ಅಗಲವಾದ ಭಾಗಕ್ಕೆ ವಾಪಸ್ ಎಳೆಯುತ್ತದೆ.

ಟೈರಿಗೆ ನೀರು ತುಂಬಿಸುವ ಪದ್ಧತಿ ನಮ್ಮಲ್ಲಿ ಹಲವರಿಗೆ ಗೊತ್ತು. ಗಾಲಿಯನ್ನು ಜಾಕ್ ಮೇಲೆ ಎತ್ತಿ, ವಾಲ್ವ್ ತುತ್ತತುದಿಗೆ ಬರುವಂತೆ ತಿರುಗಿಸಿ, ಆ ಮಟ್ಟದವರೆಗೆ ನೀರು ತುಂಬಬೇಕು. ಟೈರಿನ ಸುಮಾರು ಮುಕ್ಕಾಲು ಭಾಗ ತುಂಬುತ್ತದೆ. ಮೇಲೆ ಗಾಳಿ ಇರಲೇಬೇಕು, ಏಕೆಂದರೆ ಕುಲುಕಾಟ ತಡೆಯುವುದು ಅದೇ. ಚಳಿ ದೇಶಗಳಲ್ಲಿ ನೀರು ಹೆಪ್ಪುಗಟ್ಟದಿರಲಿ ಎಂದು ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸುತ್ತಾರೆ. ನಮಗೆ ಆ ತಾಪತ್ರಯವಿಲ್ಲ, ರಿಮ್ ತುಕ್ಕು ಹಿಡಿಯುವುದೂ ತಪ್ಪುತ್ತದೆ. ಎರಡು ಟೈರಿಗೆ 70 ಲೀಟರಿನಂತೆ ತುಂಬಿದರೆ 140 ಕೆಜಿ. ಈ ತೂಕ ಕೆಳಮಟ್ಟದಲ್ಲಿ ಇರುವುದರಿಂದ ಪಕ್ಕಕ್ಕೆ ಉರುಳುವುದನ್ನು ತಡೆಯಲು ಒಳ್ಳೆಯದು. ಆದರೆ ಅದು ಕೂತಿರುವುದು ಹಿಂದಿನ ಅಚ್ಚಿನ ಮೇಲೆಯೇ. ಹಿಂದೆ 140 ಸೇರುತ್ತದೆ, ಮುಂದಿನ ಗಾಲಿಗಳ ಹೊರೆ ಒಂದು ಕೆಜಿಯೂ ಇಳಿಯುವುದಿಲ್ಲ. ಮುಂದಿನ ಅಚ್ಚು ಉಳಿಯಬೇಕಾದರೆ ಪೆಟ್ಟಿಗೆಯೇ ಬೇಕು. ಎರಡೂ ಇದ್ದರೆ ಇನ್ನೂ ಒಳ್ಳೆಯದು.

ಪೆಟ್ಟಿಗೆಗೆ ದೊಡ್ಡ ಖರ್ಚಿಲ್ಲ. ಕಾಂಕ್ರೀಟಿನ ತೂಕ ಘನಮೀಟರಿಗೆ ಸುಮಾರು 2,400 ಕೆಜಿ. ಅರ್ಧ ಮೀಟರ್ ಉದ್ದ, ಅಗಲ, ಎತ್ತರದ ಒಂದು ಗಟ್ಟಿ 0.125 ಘನಮೀಟರ್, ಸರಿಯಾಗಿ 300 ಕೆಜಿ. ಒಂದು ಚೀಲ ಸಿಮೆಂಟ್ ಸಾಕು. ಲಿಂಕೇಜಿನ ಪಿನ್ನುಗಳನ್ನು ಮಾತ್ರ ಒಳ್ಳೆಯ ವೆಲ್ಡರ್ ಹತ್ತಿರ ಮಾಡಿಸಬೇಕು. ರೋಟಾವೇಟರ್ ಇದ್ದವರು ಅದನ್ನೇ ಹಿಂದೆ ಎತ್ತಿ ಕಟ್ಟಬಹುದು, ಆದರೆ ಪಿಟಿಓ ಚಾಲೂ ಇರಬಾರದು. ಮಾಮುವಿನ ರೋಟಾವೇಟರ್ ಹಂಗಾಮಿನಲ್ಲಿ ಬಾಡಿಗೆಗೆ ಹೋಗಿರುತ್ತದೆ. ಮನೆಯಲ್ಲಿ ಕೂರುವ ಸಿಮೆಂಟ್ ಗಟ್ಟಿಯನ್ನು ಯಾರೂ ಬಾಡಿಗೆ ಕೇಳುವುದಿಲ್ಲ. ತೂಕ ಎಷ್ಟಾದರೂ ಹಾಕಬಹುದು ಎಂದಲ್ಲ. ಹಿಂದಿನ ಅಚ್ಚು, ಟೈರು ಮತ್ತು ಲಿಫ್ಟ್ ಎಷ್ಟು ತಡೆಯುತ್ತವೆ ಎಂದು ಟ್ರ್ಯಾಕ್ಟರಿನ ಜೊತೆ ಬಂದ ಪುಸ್ತಕದಲ್ಲಿ ಇರುತ್ತದೆ. ಲೋಡರ್ ಕೆಲಸ ಮುಗಿದ ಮೇಲೆ ಗಟ್ಟಿ ಬಿಚ್ಚಿಡಬೇಕು. ಮುಂಡಗೋಡ ಕಡೆಯ ಭತ್ತದ ಗದ್ದೆಗೆ ಅದನ್ನು ಹೊತ್ತು ಇಳಿದರೆ ಹೂಳುವುದೂ ನಿಶ್ಚಿತ, ಡೀಸೆಲ್ ದಂಡವೂ ನಿಶ್ಚಿತ.

ಬಕೆಟ್ ತುಂಬಿದಾಗ ಎಷ್ಟು ತೂಕ ಎನ್ನುವುದನ್ನು ಕಣ್ಣಿಂದ ನೋಡಿ ಹೇಳಲು ಬರುವುದಿಲ್ಲ. 0.2 ಘನಮೀಟರಿನ ಬಕೆಟ್‌ನಲ್ಲಿ ಒಣ ತಿಪ್ಪೆಗೊಬ್ಬರ ತುಂಬಿದರೆ ಸುಮಾರು 120 ಕೆಜಿ. ಅದೇ ಬಕೆಟ್‌ಗೆ ಒದ್ದೆ ಗರಸು ತುಂಬಿದರೆ 300 ಮೀರುತ್ತದೆ. ತೂಕ ನೋಡಲು ಲಾರಿ ತೂಗುವ ಕಾಟಾ ಇದೆ. ಹಿಂದಿನ ಗಾಲಿಗಳನ್ನು ಮಾತ್ರ ಅದರ ಮೇಲೆ ನಿಲ್ಲಿಸಿ ತೂಗಿಸಿದರೆ ನನ್ನ ಈ ಇಡೀ ಲೆಕ್ಕಕ್ಕಿಂತ ನಿಖರವಾದ ಉತ್ತರ ಒಂದು ಚೀಟಿಯಲ್ಲಿ ಬರುತ್ತದೆ.

ಹಿಂದೆ ತೂಕ ಇದ್ದರೂ ಬಕೆಟ್ ನೆಲದಿಂದ ಒಂದು ಅಡಿಯೊಳಗೆ ಇಟ್ಟುಕೊಂಡೇ ಓಡಿಸಬೇಕು. ಎತ್ತುವಾಗ ಅರ್ಧ ಎತ್ತರದಲ್ಲಿ ತೋಳು ಅತಿ ಹೆಚ್ಚು ಮುಂದಕ್ಕೆ ಚಾಚುತ್ತದೆ, ಅಲ್ಲಿ ನಿಧಾನ ಬೇಕು. ಇಳಿಜಾರಿನಲ್ಲಿ ಭಾರ ಯಾವಾಗಲೂ ಮೇಲಿನ ಕಡೆಗೆ ಇರಲಿ. ಏರುವಾಗ ಮುಂದೆ ಮಾಡಿ ಏರಿ, ಇಳಿಯುವಾಗ ರಿವರ್ಸಿನಲ್ಲಿ ಇಳಿಯಿರಿ. ಅಡ್ಡಲಾಗಿ ಹೋಗಲೇಬೇಡಿ. ಸ್ವೀಡನ್ ದೇಶ 1959ರಲ್ಲೇ ಹೊಸ ಟ್ರ್ಯಾಕ್ಟರುಗಳಿಗೆ, ಉರುಳಿದರೂ ಚಾಲಕ ಅಪ್ಪಚ್ಚಿಯಾಗದಂತೆ ಕಬ್ಬಿಣದ ಚೌಕಟ್ಟು ಕಡ್ಡಾಯ ಮಾಡಿತು. ಮಾಮುವಿನ ಟ್ರ್ಯಾಕ್ಟರಿಗೆ ಅದಿಲ್ಲ.

ಲೆಕ್ಕದ ಹಾಳೆ ತೋರಿಸಿದಾಗ ಮಾಮು ನಕ್ಕರು. “ಕಾಮರ್ಸ್ ಓದೋನು ಮಿಸ್ತ್ರಿ ಯಾವಾಗ ಆದೆ?” ಎಂದರು. “ಮಾಮು, ನೀವೇ ಗುಣಿಸಿ ನೋಡಿ” ಎಂದು ಕ್ಯಾಲ್ಕುಲೇಟರ್ ಕೊಟ್ಟೆ. 69 ಮತ್ತು 500, ಈ ಎರಡು ಅಂಕಿಗಳನ್ನು ಎರಡು ಸಲ ನೋಡಿದರು. ಆಮೇಲೆ, ಅಂದು ನನ್ನ ಕಾಲು ಜಾರಿದ್ದನ್ನು ತಾವು ನೋಡಿಯೇ ಇರಲಿಲ್ಲ ಎಂದರು. ಟ್ರ್ಯಾಕ್ಟರ್ ಓಡಿಸುವವನ ಕಣ್ಣು ಬಕೆಟ್ ಮೇಲೆ ಇರುತ್ತದೆ, ಹಿಂದೆ ನಿಂತವನ ಮೇಲಲ್ಲ.

ಗಟ್ಟಿ ಈಗ ಅವರ ಅಂಗಳದಲ್ಲಿ ಒದ್ದೆ ಗೋಣಿಚೀಲ ಹೊದ್ದು ಕೂತಿದೆ. 28 ದಿನ ನೀರು ಹಾಕುತ್ತೇವೆ ಎಂದು ಮಾಮಿ ಕ್ಯಾಲೆಂಡರಿನಲ್ಲಿ ಗುರುತು ಮಾಡಿದ್ದಾರೆ. ಅಲ್ಲಿಯವರೆಗೆ ಬಕೆಟ್‌ಗೆ ಗೊಬ್ಬರ ಮಾತ್ರ, ಗರಸು ಇಲ್ಲ.