ಹೊಲದ ಖರೀದಿ: ನೋಂದಣಿಯೂ ಬೇಕು, ಉತಾರವೂ ಬೇಕು

ಹೊಲ ಕೊಳ್ಳುವ ಪ್ರಸಂಗ ಒಕ್ಕಲುತನದವನ ಬಾಳಿನಲ್ಲಿ ಒಂದೆರಡು ಸಲ ಬರುವಂಥದು. ಎತ್ತು ಕೊಳ್ಳುವಾಗ ಹಲ್ಲು ನೋಡಿ, ಹೂಡಿ ನೋಡಿ ಬೆಲೆ ಕಟ್ಟುವ ರೈತರೂ ಹೊಲ ಕೊಳ್ಳುವಾಗ ಬರಿಯ ಬಾಂಡ್ ಕಾಗದ ನಂಬಿ ಹಣ ಎಣಿಸಿಕೊಡುವುದುಂಟು. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳಲ್ಲಿ ಘಟಪ್ರಭೆಯ ನೀರು ಕಂಡ ಕಬ್ಬಿನ ಭೂಮಿಗೆ ಬೆಲೆ ಹೆಚ್ಚು. ಕಾಗದ ತಪ್ಪಿದರೆ ಹಾನಿಯೂ ಅಷ್ಟೇ ಹೆಚ್ಚು. ಆದಕಾರಣ ಖರೀದಿ ಪತ್ರದ ನೋಂದಣಿ ಮತ್ತು ಉತಾರದ ವಿಚಾರವನ್ನು ರೈತ ಬಾಂಧವರು ಸರಿಯಾಗಿ ತಿಳಿದಿರುವುದು ಅವಶ್ಯ.

ಎರಡು ಕಚೇರಿ, ಎರಡು ದಫ್ತರ

ಹೊಲದ ಮಾಲಕಿ ಒಬ್ಬರಿಂದ ಇನ್ನೊಬ್ಬರಿಗೆ ದಾಟುವುದು ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ. 1882ರ ಸ್ವತ್ತು ವರ್ಗಾವಣೆ ಕಾಯಿದೆಯ ಪ್ರಕಾರ 100 ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಬೆಲೆಯ ಜಮೀನಿನ ಮಾರಾಟ ನೋಂದಾಯಿತ ಪತ್ರದಿಂದಲೇ ಆಗಬೇಕು. ಇಂಥ ಪತ್ರವನ್ನು ನೋಂದಾಯಿಸದಿದ್ದರೆ ಅದರಿಂದ ಮಾಲಕಿ ದಾಟುವುದಿಲ್ಲವೆಂದು 1908ರ ನೋಂದಣಿ ಕಾಯಿದೆಯೂ ಹೇಳುತ್ತದೆ.

ಉತಾರ ಇರುವುದು ಕಂದಾಯ ಇಲಾಖೆಯಲ್ಲಿ. ಪಹಣಿ ಎಂದೂ ಕರೆಯುವ ಈ ಕಾಗದದಲ್ಲಿ ಹೊಲ ಯಾರ ಹೆಸರಿಗಿದೆ, ಕ್ಷೇತ್ರ ಎಷ್ಟು, ಬೆಳೆ ಯಾವುದು, ಬೋಜಾ ಏನಿದೆ ಎಂಬುದು ತಿಳಿಯುತ್ತದೆ. 1964ರ ಭೂಕಂದಾಯ ಕಾಯಿದೆಯಂತೆ, ತಪ್ಪೆಂದು ಸಿದ್ಧವಾಗುವವರೆಗೆ ಉತಾರದ ನಮೂದನ್ನು ನಿಜವೆಂದು ಹಿಡಿಯಲಾಗುತ್ತದೆ. ಆದರೆ ಉತಾರ ಮಾಲಕಿಯನ್ನು ಹುಟ್ಟಿಸುವುದಿಲ್ಲ. ಹುಟ್ಟಿದ ಹಕ್ಕನ್ನು ಬರೆದಿಡುತ್ತದೆ, ಅಷ್ಟೆ.

ಒಂದನ್ನು ಮಾಡಿ ಇನ್ನೊಂದನ್ನು ಬಿಟ್ಟರೆ ತೊಂದರೆ ತಪ್ಪದು. ಪತ್ರ ನೋಂದಣಿಯಾಗಿ ಉತಾರ ಹಳೆಯ ಹೆಸರಿನಲ್ಲೇ ಉಳಿದರೆ, ಕೊಂಡವರಿಗೆ ಪಿ.ಕೆ.ಪಿ.ಎಸ್.ನಲ್ಲಿ ಬೆಳೆಸಾಲ ಸಿಗುವುದು ಕಷ್ಟ, ಬೆಳೆಹಾನಿಯ ಪರಿಹಾರ ಮಾರಿದವರ ಹೆಸರಿಗೆ ಹೋಗಬಹುದು. ಉತಾರದಲ್ಲಿ ಹೆಸರಿದ್ದು ಪತ್ರ ಇಲ್ಲದಿದ್ದರೆ, ಮಾರಿದವರ ಮಕ್ಕಳು ದಾವೆ ಹೂಡಿದಾಗ ಕೈಯಲ್ಲಿ ಆಧಾರವೇ ಇರುವುದಿಲ್ಲ.

ಸಂಚಕಾರ ಪತ್ರ ಖರೀದಿಯಲ್ಲ

ಮುಂಗಡ ಕೊಟ್ಟು ಬರೆಸಿಕೊಳ್ಳುವ ಸಂಚಕಾರ ಪತ್ರ ಮುಂದೆ ಖರೀದಿ ಮಾಡಿಕೊಡುವ ಕರಾರು ಮಾತ್ರ. ಮಾರುವವರು ಮಾತಿಗೆ ತಪ್ಪಿದರೆ, ಪತ್ರದಲ್ಲಿ ಗೊತ್ತುಪಡಿಸಿದ ದಿನದಿಂದ ಮೂರು ವರ್ಷದೊಳಗೆ ದಾವೆ ಹೂಡಬೇಕು. ದಿನ ಗೊತ್ತುಪಡಿಸಿರದಿದ್ದರೆ, ಅವರು ನಿರಾಕರಿಸಿದ್ದು ತಿಳಿದಂದಿನಿಂದ ಮೂರು ವರ್ಷ. ಹೊಲ ಕಬ್ಜೆಯಲ್ಲಿದೆಯೆಂದು ಹತ್ತಾರು ವರ್ಷ ಸುಮ್ಮನೆ ಕೂಡ್ರುವುದು ಅಪಾಯ. ಮುಖತ್ಯಾರ ಪತ್ರದ ಮೇಲೆ ನಡೆಸಿದ ಮಾರಾಟದಿಂದಲೂ ಮಾಲಕಿ ಬರುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2011ರಲ್ಲಿ ಸ್ಪಷ್ಟಪಡಿಸಿದೆ.

ಹಣ ಕೊಡುವ ಮೊದಲು ನೋಡತಕ್ಕವು

1. ಉತಾರದ 9ನೆಯ ಕಲಮಿನಲ್ಲಿ ಮಾಲಕರ ಹೆಸರು, 11ನೆಯ ಕಲಮಿನಲ್ಲಿ ಬೋಜಾ ಇರುತ್ತದೆ. ಎರಡನ್ನೂ ಓದಿರಿ. ಹೆಸರು ಹೇಗೆ ಬಂತೆಂಬುದನ್ನು ಹಿಂದಿನ ಡೈರಿ ನಮೂದುಗಳಲ್ಲಿ ನೋಡಿರಿ.

2. ಉಪನೋಂದಣಿ ಕಚೇರಿಯಿಂದ ಋಣಭಾರ ಪ್ರಮಾಣಪತ್ರ ಪಡೆಯಿರಿ. ಅದರಲ್ಲಿ ನೋಂದಣಿಯಾದ ವ್ಯವಹಾರಗಳು ಮಾತ್ರ ಬರುತ್ತವೆ. ಸೊಸೈಟಿಯ ಬೆಳೆಸಾಲ ಅದರಲ್ಲಿ ಕಾಣದೆ ಉತಾರದಲ್ಲಿ ಕಾಣಬಹುದು. ಆದ್ದರಿಂದ ಎರಡೂ ಬೇಕು.

3. ಪಿತ್ರಾರ್ಜಿತ ಹೊಲವಾದರೆ ಹೆಣ್ಣುಮಕ್ಕಳ ಪಾಲನ್ನು ಮರೆಯಬಾರದು. ಕರ್ನಾಟಕದಲ್ಲಿ 1994ರ ತಿದ್ದುಪಡಿಯಿಂದಲೂ ದೇಶಕ್ಕೆಲ್ಲ 2005ರ ತಿದ್ದುಪಡಿಯಿಂದಲೂ ಅವರಿಗೆ ಹಕ್ಕು ಬಂದಿದೆ. ಅಣ್ಣನೊಬ್ಬನ ಹೆಸರಿಗೆ ಉತಾರ ಇದ್ದಮಾತ್ರಕ್ಕೆ ಹೊಲ ಅವನೊಬ್ಬನದೇ ಆಗದು. ಪಾಲುದಾರರೆಲ್ಲರ ಸಹಿ ಪಡೆಯುವುದೇ ಕ್ಷೇಮ.

4. ಸರಕಾರ ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರು ಮಾಡಿದ ಭೂಮಿಯಾದರೆ 1978ರ ಕಾಯಿದೆ ಅನ್ವಯಿಸುತ್ತದೆ. ಸರಕಾರದ ಪೂರ್ವಾನುಮತಿ ಇಲ್ಲದೆ ಕೊಂಡರೆ ಭೂಮಿಯೂ ಹಣವೂ ಹೋದಾವು.

5. ಬೆಳಗಾವಿ ಜಿಲ್ಲೆ 1956ರವರೆಗೆ ಮುಂಬಯಿ ರಾಜ್ಯದಲ್ಲಿತ್ತು. ಹಳೆಯ ಕಾಗದ ಮರಾಠಿಯಲ್ಲಿ, ಇಲ್ಲವೆ ಮೋಡಿ ಲಿಪಿಯಲ್ಲಿದ್ದರೆ ಬಲ್ಲವರಿಂದ ಓದಿಸಿಕೊಳ್ಳಿರಿ. ಮೂಡಲಗಿ ತಾಲೂಕಿನ ಊರುಗಳ ಹಳೆಯ ಪತ್ರಗಳಲ್ಲಿ ತಾಲೂಕು ಗೋಕಾಕ ಎಂದಿರುತ್ತದೆ. ಹೊಸ ಪತ್ರದಲ್ಲಿ ಈಗಿನ ತಾಲೂಕನ್ನೇ ಬರೆಸಬೇಕು.

ಪತ್ರದಲ್ಲಿ ಏನು ಬರೆಸಬೇಕು?

ಸರ್ವೆ ನಂಬರು, ಹಿಸ್ಸಾ, ಎಕರೆ-ಗುಂಟೆ, ಆಕಾರ ಮತ್ತು ನಾಲ್ಕೂ ದಿಕ್ಕಿನ ಚಕ್ಕಬಂದಿ ತಪ್ಪಿಲ್ಲದೆ ಇರಬೇಕು. ಒಂದು ನಂಬರಿನಲ್ಲಿ ಭಾಗ ಮಾತ್ರ ಕೊಳ್ಳುವುದಾದರೆ ಮೊದಲೇ ಭೂಮಾಪನ ಇಲಾಖೆಯಿಂದ 11-ಇ ನಕಾಶೆ ಮಾಡಿಸಬೇಕು.

ನಮ್ಮ ಭಾಗದಲ್ಲಿ ಹೆಚ್ಚಿನ ಜಗಳಗಳು ಹೊಲಕ್ಕಿಂತ ನೀರು ಮತ್ತು ದಾರಿಗಾಗಿ. ಬಾವಿಯಲ್ಲಿ ಎಷ್ಟು ಪಾಲು, ಪಂಪು ಯಾವ ಪಾಳಿಯಲ್ಲಿ ನಡೆಸಬೇಕು, ಪೈಪು ಯಾರ ಹೊಲದಲ್ಲಿ ಹಾಯುತ್ತದೆ, ಕಬ್ಬಿನ ಗಾಡಿ ಹೊರಗೆ ಬರಲು ದಾರಿ ಎಲ್ಲಿ, ಎಷ್ಟು ಅಗಲ ಎಂಬುದನ್ನು ಪತ್ರದಲ್ಲೇ ಕಾಣಿಸಿರಿ. ದಾರಿ ಅಥವಾ ಪೈಪು ಮೂರನೆಯವರ ಹೊಲದಲ್ಲಿ ಹಾದರೆ ಅವರಿಂದಲೂ ಬೇರೆ ಪತ್ರ ಬೇಕಾಗುತ್ತದೆ. ಬಾಯಿಮಾತಿನ ದಾರಿ ಒಂದು ತಲೆಮಾರಿಗೆ ಮುಚ್ಚಿಹೋಗುತ್ತದೆ.

ಬೆಲೆಯನ್ನು ಇದ್ದಂತೆಯೇ ಬರೆಸಿರಿ. ಮುದ್ರಾಂಕ ಶುಲ್ಕವನ್ನು ಪತ್ರದ ಬೆಲೆ ಮತ್ತು ಸರಕಾರದ ಮಾರ್ಗಸೂಚಿ ಬೆಲೆ ಇವೆರಡರಲ್ಲಿ ಹೆಚ್ಚಿನದರ ಮೇಲೆ ಹಾಕುತ್ತಾರೆ. ಖರೀದಿಗೆ ಮುದ್ರಾಂಕ ಶುಲ್ಕ ಶೇ. 5, ಅದರ ಮೇಲೆ ಉಪಕರ ಮತ್ತು ಅಧಿಭಾರ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 2 ಆಗಿದೆ. 10 ಲಕ್ಷದ ಹೊಲಕ್ಕೆ ಮುದ್ರಾಂಕ 50,000, ನೋಂದಣಿ 20,000 ರೂಪಾಯಿ ಎಂದು ಲೆಕ್ಕ. ಇದನ್ನು ಉಳಿಸಲು ಬೆಲೆ ಕಡಿಮೆ ತೋರಿಸಿದರೆ ಮುಂದೆ ರಸ್ತೆಗೋ ಕಾಲುವೆಗೋ ಭೂಮಿ ಹೋದಾಗ ನಷ್ಟ ನಮ್ಮದೇ. ಸುತ್ತಲಿನ ನೋಂದಾಯಿತ ಬೆಲೆಗಳನ್ನು ನೋಡಿಯೇ ಪರಿಹಾರ ನಿಗದಿಯಾಗುತ್ತದೆ.

ನೋಂದಣಿಯ ದಿನ

ಈಗ ಪತ್ರದ ವಿವರಗಳನ್ನು ಕಾವೇರಿ ಗಣಕ ವ್ಯವಸ್ಥೆಯಲ್ಲಿ ಮೊದಲೇ ತುಂಬಿ, ಶುಲ್ಕ ಕಟ್ಟಿ, ಸಮಯ ಗೊತ್ತುಮಾಡಿಕೊಂಡು ಕಚೇರಿಗೆ ಹೋಗಬೇಕು. ಅಲ್ಲಿ ಎರಡೂ ಪಕ್ಷದವರ ಭಾವಚಿತ್ರ ಮತ್ತು ಹೆಬ್ಬೆರಳಿನ ಗುರುತು ತೆಗೆದುಕೊಳ್ಳುತ್ತಾರೆ. ಬರೆದವರು ಓದಿ ಹೇಳುವವರೆಗೆ ಸಹಿ ಮಾಡಬೇಡಿರಿ. ಹಣವನ್ನು ಬ್ಯಾಂಕಿನ ಮೂಲಕ ಕೊಟ್ಟು ಅದರ ವಿವರ ಪತ್ರದಲ್ಲಿ ಸೇರಿಸಿರಿ.

ಪತ್ರಕ್ಕೆ ಸಹಿಯಾದ ದಿನದಿಂದ ನಾಲ್ಕು ತಿಂಗಳೊಳಗೆ ಅದನ್ನು ಹಾಜರುಪಡಿಸಬೇಕು. ತಪ್ಪಿಸಲಾಗದ ಕಾರಣವಿದ್ದರೆ ದಂಡ ಕಟ್ಟಿ ಮತ್ತೆ ನಾಲ್ಕು ತಿಂಗಳ ಅವಕಾಶ ಕೇಳಬಹುದು. ದಂಡ ನೋಂದಣಿ ಶುಲ್ಕದ ಹತ್ತು ಪಟ್ಟಿನವರೆಗೆ ಬೀಳಬಹುದು.

ನೋಂದಣಿಯ ನಂತರ

ನೋಂದಣಿಯಾದ ವರದಿ ಭೂಮಿ ಕೇಂದ್ರಕ್ಕೆ ತಾನಾಗಿ ಹೋಗುತ್ತದೆ. ತಕರಾರಿಗಾಗಿ ನೋಟೀಸು ಹೊರಟು, ಅವಧಿ ಮುಗಿದ ಮೇಲೆ ಹೆಸರು ಬದಲಾಗುತ್ತದೆ. ಆದರೂ ಕೆಲಸ ಮುಗಿಯಿತೆಂದು ತಿಳಿಯದೆ, ಹೊಸ ಉತಾರ ತೆಗೆಸಿ ಹೆಸರು, ಕ್ಷೇತ್ರ, ಬೋಜಾ ಮೂರನ್ನೂ ಪತ್ರದೊಡನೆ ತಾಳೆ ನೋಡಿರಿ. ಸಾಲ ತೀರಿಸಿದ ಹಳೆಯ ಬೋಜಾ ಉಳಿದಿದ್ದರೆ ಬ್ಯಾಂಕಿನ ಪತ್ರ ತಂದು ತೆಗೆಸಿರಿ.

ವಾರಸಾದಿಂದ ಬಂದ ಹೊಲಕ್ಕೆ ಹೀಗೆ ತಾನಾಗಿ ವರದಿ ಹೋಗುವುದಿಲ್ಲ. ಹಿರಿಯರು ತೀರಿಕೊಂಡ ಮೂರು ತಿಂಗಳೊಳಗೆ ವಾರಸುದಾರರೇ ಅರ್ಜಿ ಕೊಡಬೇಕು. ಅಜ್ಜನ ಹೆಸರಿನಲ್ಲೇ ಉಳಿದ ಉತಾರ ಮೊಮ್ಮಕ್ಕಳ ಕಾಲಕ್ಕೆ ಇಪ್ಪತ್ತು ಸಹಿಯ ತೊಡಕಾಗುತ್ತದೆ.

ಗ್ರಾಮಸೇವಕರು ಮತ್ತು ವಿಸ್ತರಣಾ ಕಾರ್ಯಕರ್ತರು ಬೀಜ ಗೊಬ್ಬರದ ಮಾತಿನೊಡನೆ ಈ ವಿಷಯವನ್ನೂ ರೈತರ ಸಭೆಗಳಲ್ಲಿ ತಿಳಿಸಬೇಕು. ಮೂಲ ಪತ್ರವನ್ನು ಭದ್ರವಾಗಿಟ್ಟು, ವರ್ಷಕ್ಕೊಮ್ಮೆ ಉತಾರ ತೆಗೆಸಿ ನೋಡುವುದು ಪ್ರತಿಯೊಬ್ಬ ರೈತನ ರೂಢಿಯಾಗಲಿ.